ಸಿಮ್ಯುಲೇಟರ್ ಕೋರ್ಸಿಗೆ ಹಣ ಕಟ್ಟುವ ಮೊದಲು ಒಂದು ಕೇಬಲ್ ಜಾಯಿಂಟ್ ಮಾಡಿ ನೋಡಿ

ತೀರ್ಥಹಳ್ಳಿಯ ಸ್ನೇಹಿತರು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಆರ್‌ಒವಿ ಪೈಲಟ್ (ನೀರೊಳಗಿನ ಯಂತ್ರವನ್ನು ಮೇಲಿನಿಂದ ಕೇಬಲ್ ಮೂಲಕ ನಡೆಸುವವರು) ಆಗಲು ಹೊರಟಿದ್ದು, ಮೂರು ವಾರಗಳ ಸಿಮ್ಯುಲೇಟರ್ ಕೋರ್ಸಿಗೆ ಈ ವಾರವೇ ಮುಂಗಡ ಕಟ್ಟುವುದಾಗಿಯೂ, ಅಭ್ಯಾಸಕ್ಕೆಂದು ಒಂದು ಸಣ್ಣ ಯಂತ್ರ ಕೊಂಡು ಲಿಂಗನಮಕ್ಕಿ ಹಿನ್ನೀರಿಗೆ ಇಳಿಸುವುದಾಗಿಯೂ ನಮ್ಮ ಈ ಗುಂಪಿನಲ್ಲಿ ಬರೆದಿದ್ದಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಒಂಬತ್ತು ವರ್ಷಗಳ ಹಿಂದೆ ನಾನೂ ಇದನ್ನೇ ಮಾಡಿದ್ದೆ, ಅದೂ ಮನೆಯವರ ಮಾತು ಕೇಳದೆ.

ಕೋರ್ಸು ಮುಗಿಸಿ ಪ್ರಮಾಣಪತ್ರ ಹಿಡಿದು ಮುಂಬೈಗೆ ಸಂದರ್ಶನಕ್ಕೆ ಹೋದರೆ, ಎದುರಿಗೆ ಕುಳಿತಿದ್ದ ಸೂಪರ್‌ವೈಸರ್ ಜಾಯ್‌ಸ್ಟಿಕ್ಕಿನ ಮಾತೇ ಎತ್ತಲಿಲ್ಲ. ಒಂದು ಮಾರುದ್ದದ ಕೇಬಲ್ ಮತ್ತು ಮೆಗ್ಗರನ್ನು (ತಂತಿಯ ಹೊದಿಕೆಯಿಂದ ವಿದ್ಯುತ್ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಮೇಜಿನ ಮೇಲಿಟ್ಟು, ಯಾವ ಕೋರಿನಲ್ಲಿ, ಅಂದರೆ ಒಳಗಿನ ಯಾವ ತಂತಿಯಲ್ಲಿ, ಅರ್ಥ್ ಫಾಲ್ಟ್ (ಕವಚಕ್ಕೆ ಸೋರಿಕೆ) ಇದೆ ಹೇಳಿ ಎಂದರು. ನಾನು ಕೋರಿಗೂ ಕೋರಿಗೂ ನಡುವೆ ಮೆಗ್ಗರ್ ಹಿಡಿಯುತ್ತ ಹೋದೆನೇ ಹೊರತು, ಕೋರಿಗೂ ಹೊರಗಿನ ಲೋಹದ ಕವಚಕ್ಕೂ ನಡುವೆ ಹಿಡಿಯಬೇಕೆಂಬುದು ಹೊಳೆಯಲೇ ಇಲ್ಲ. ಹತ್ತು ನಿಮಿಷಕ್ಕೆ ಸಂದರ್ಶನ ಮುಗಿಯಿತು. ಆ ಹುದ್ದೆಯ ಹೆಸರು ಬರಿಯ ಪೈಲಟ್ ಅಲ್ಲ, ಪೈಲಟ್ ಟೆಕ್ನಿಷಿಯನ್. ಹನ್ನೆರಡು ಗಂಟೆಯ ಪಾಳಿಯಲ್ಲಿ ಯಂತ್ರ ನಡೆಸುವುದು ಒಂದು ಪಾಲಾದರೆ, ಅದನ್ನು ಬಿಚ್ಚುವುದು, ಒರೆಸುವುದು, ಪರೀಕ್ಷಿಸುವುದು, ಮತ್ತೆ ಜೋಡಿಸುವುದು ಉಳಿದ ಪಾಲು. ಸಮುದ್ರದ ಕಾಮಗಾರಿ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಂಸಿಎಯ ಮಾರ್ಗಸೂಚಿಗಳು ಹೊಸಬರಲ್ಲಿ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಅಥವಾ ಹೈಡ್ರಾಲಿಕ್ಸ್ ಹಿನ್ನೆಲೆಯನ್ನು ನಿರೀಕ್ಷಿಸುವುದು ಇದಕ್ಕಾಗಿಯೇ.

ಸೋತು ಊರಿಗೆ ಬಂದವನು ಸಾಗರ ಪೇಟೆಯ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಹದಿನಾಲ್ಕು ತಿಂಗಳು ಕುಳಿತೆ. ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಅಡಿಕೆ ತೋಟಗಳ ಬೋರ್‌ವೆಲ್ ಮೋಟಾರುಗಳು ಅಲ್ಲಿಗೆ ಸಾಲುಗಟ್ಟಿ ಬರುತ್ತವೆ. ಮೂರು ಕೋರುಗಳ ಜಾಯಿಂಟನ್ನು ಒಂದೇ ಜಾಗದಲ್ಲಿ ಮಾಡದೆ ಹಿಂದೆಮುಂದೆ ಮಾಡುವುದು, ಹೊರ ಹೊದಿಕೆಯನ್ನು ಉಪ್ಪು ಕಾಗದದಿಂದ ಒರಟು ಮಾಡಿ ಒರೆಸುವುದು, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಸುತ್ತುವುದು, ಇವೆಲ್ಲವನ್ನೂ ಅಂಗಡಿಯ ಯಜಮಾನರು ಬೈದು ಬೈದೇ ಕಲಿಸಿದರು. ಮಾಡಿದ ಜಾಯಿಂಟನ್ನು, ತುದಿಗಳು ಹೊರಗಿರುವಂತೆ, ರಾತ್ರಿಯಿಡೀ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಮೆಗ್ಗರ್ ಹಿಡಿಯುತ್ತಿದ್ದೆವು. ನನ್ನ ಮೊದಲ ಐದು ಜಾಯಿಂಟುಗಳಲ್ಲಿ ನಾಲ್ಕಕ್ಕೆ ನೀರು ಇಳಿದಿತ್ತು. ಆ ಮೋಟಾರುಗಳ ಒಳಗೆ ನೀರನ್ನೋ ಎಣ್ಣೆಯನ್ನೋ ತುಂಬಿರುವುದನ್ನು ನೋಡಿದವರಿಗೆ, ಆಳಕ್ಕೆ ಹೋಗುವ ಆರ್‌ಒವಿಯ ಪೆಟ್ಟಿಗೆಗಳಿಗೆ ಎಣ್ಣೆ ತುಂಬಿ ಹೊರಗಿನ ಒತ್ತಡಕ್ಕೆ ಸರಿದೂಗಿಸುವುದನ್ನು ಮತ್ತೆ ವಿವರಿಸಬೇಕಾಗಿಲ್ಲ. ಎರಡನೆಯ ಸಂದರ್ಶನದಲ್ಲಿ ನನಗೆ ಕೆಲಸ ಸಿಕ್ಕಿದ್ದು ಈ ಬಕೆಟ್ಟಿನಿಂದ, ಪ್ರಮಾಣಪತ್ರದಿಂದಲ್ಲ.

ಒಂದು ಎಚ್ಚರಿಕೆ: 500 ವೋಲ್ಟಿನ ಮೆಗ್ಗರ್ ಹಚ್ಚುವ ಮೊದಲು ಕೇಬಲ್ಲಿನ ಎರಡೂ ತುದಿಗಳ ಎಲೆಕ್ಟ್ರಾನಿಕ್ಸನ್ನು ಬೇರ್ಪಡಿಸಲೇಬೇಕು. ಈ ಗುಂಪಿನಲ್ಲೇ ಹೋದ ತಿಂಗಳು ಒಬ್ಬರು ಬೋರ್ಡ್ ಸುಟ್ಟುಕೊಂಡು, ತಯಾರಕರನ್ನು ದೂರಿದ್ದನ್ನು ಓದಿ ನನಗೆ ಸಿಟ್ಟೇ ಬಂದಿತ್ತು.

ಯಂತ್ರ ಕೊಳ್ಳುವುದಾದರೆ ಬ್ಲೂರೊವ್2 ಎಂಬ ಸಣ್ಣ ಮಾದರಿ ನನ್ನ ಮಟ್ಟಿಗೆ ಒಳ್ಳೆಯದು, ಏಕೆಂದರೆ ಅದನ್ನು ಪೂರ್ತಿ ಬಿಚ್ಚಿ ಜೋಡಿಸಬಹುದು; ಬಿಚ್ಚಲಾಗದ ಆಟಿಕೆಗಳಿಗೆ ದುಡ್ಡು ಹಾಕಬೇಡಿ. ನೀರು ಒಳಬರದಂತೆ ತಡೆಯುವ ರಬ್ಬರ್ ಉಂಗುರವನ್ನು, ಅಂದರೆ ಓ-ರಿಂಗನ್ನು, ಮಾತ್ರ ಎಂದಿಗೂ ಕಾಟನ್ ವೇಸ್ಟಿನಿಂದ ಒರೆಸಬೇಡಿ. ಕಣ್ಣಿಗೆ ಕಾಣದಂತೆ ಅಡ್ಡಲಾಗಿ ಕುಳಿತಿದ್ದ ಒಂದೇ ಒಂದು ನೂಲಿನೆಳೆಯಿಂದ ನನ್ನ ಕ್ಯಾಮೆರಾ ಕೊಳವೆಯೊಳಗೆ ಅರ್ಧ ಲೋಟ ನೀರು ಸೇರಿತ್ತು. ಪಂಪಿಗೆ ಹಾಕುವ ಮಾಮೂಲು ಗ್ರೀಸು ಕೆಲವು ಜಾತಿಯ ರಬ್ಬರನ್ನು ಉಬ್ಬಿಸುತ್ತದೆಯಾದ್ದರಿಂದ ಸಿಲಿಕೋನ್ ಗ್ರೀಸನ್ನೇ ತೆಳ್ಳಗೆ ಸವರಿ. ಸಬ್‌ಕಾನ್ ಎಂಬ ನೀರೊಳಗಿನ ಕನೆಕ್ಟರುಗಳಿಗೆ ಮೋಲಿಕೋಟ್ 44 ಗ್ರೀಸು ಬಿಟ್ಟು ಬೇರೇನನ್ನೂ ನಾನು ಬಳಸುವುದಿಲ್ಲ.

ರಾಜೀನಾಮೆ ಕೊಡುವ ಮೊದಲೇ ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ, ಏಕೆಂದರೆ ಕೋರುಗಳ ಬಣ್ಣ ತಿಳಿಯದವರಿಗೆ ಈ ಕೆಲಸ ಕಷ್ಟ. ಸಮುದ್ರದ ನೆಲೆಗಳಿಗೆ ಕೆಲಸಕ್ಕೆ ಹೋಗುವವರ ಸುರಕ್ಷತಾ ತರಬೇತಿಯಾದ ಬೋಸಿಯೆಟ್‌ನ ಪ್ರಮಾಣಪತ್ರಕ್ಕೆ ನಾಲ್ಕೇ ವರ್ಷ ಆಯುಸ್ಸಿರುವುದರಿಂದ ಅದಕ್ಕೂ ಈಗಲೇ ಅವಸರ ಬೇಡ. ಅರ್ಜಿಯ ಹಂತದಲ್ಲೇ ಅದನ್ನು ಕೇಳುವವರೂ ಇದ್ದಾರೆ, ವಿಚಾರಿಸಿಕೊಂಡು ಮಾಡಿ.

ಇನ್ನು ಲಿಂಗನಮಕ್ಕಿ. ಅನುಮತಿಯಿಲ್ಲದೆ ಅಲ್ಲಿ ಯಂತ್ರ ಇಳಿಸಬೇಡಿ. ಅನುಮತಿ ಸಿಕ್ಕರೂ, 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನಿಂತಿರುವ ಆ ನೀರಿನಲ್ಲಿ ಹೊಸಬರ ಟೆದರ್ (ಯಂತ್ರಕ್ಕೆ ಜೋಡಿಸಿದ ಕೇಬಲ್) ಸಿಕ್ಕಿಕೊಳ್ಳದೆ ಇರುವುದಿಲ್ಲ. ಹೋದ ದಾರಿಯಲ್ಲೇ ಹಿಂದಿರುಗುವ ಅಭ್ಯಾಸವನ್ನು ಮೊದಲು ತೋಟದ ಕೃಷಿಹೊಂಡದಲ್ಲಿ ಮಾಡಿ; ತಳದ ಕೆಸರು ಕದಡಿ ಪರದೆ ತುಂಬ ಕಾಫಿ ಬಣ್ಣವಾದಾಗ ಯಂತ್ರವನ್ನು ನೂಕುವ ಥ್ರಸ್ಟರ್ ನಿಲ್ಲಿಸಿ ಕಾಯುವುದನ್ನೂ ಅಲ್ಲಿಯೇ ಕಲಿಯಬಹುದು. ಹೊಂಡದ ಸಿಹಿನೀರಿನಲ್ಲಿ ತೂಕ ಸರಿಮಾಡಿದ ಯಂತ್ರವನ್ನು ಹಾಗೆಯೇ ಮಲ್ಪೆಗೋ ಹೊನ್ನಾವರಕ್ಕೋ ಒಯ್ದರೆ ಅದು ಮುಳುಗಲು ಒಪ್ಪುವುದಿಲ್ಲ. ಸಮುದ್ರದ ನೀರು ಸುಮಾರು ಶೇಕಡಾ 2.5ರಷ್ಟು ಹೆಚ್ಚು ಸಾಂದ್ರವಾಗಿರುವುದರಿಂದ, 10 ಕಿಲೋ ಯಂತ್ರಕ್ಕೆ ಸುಮಾರು 250 ಗ್ರಾಂ ಸೀಸವನ್ನು ಜೊತೆಗೆ ಇಟ್ಟುಕೊಂಡೇ ಘಟ್ಟ ಇಳಿಯಿರಿ.