ಅಪ್ಪನ್ನ ನೋಡ್ಕೊಳ್ಳೋ ಹುಡುಗ ನೆಟ್ಟಗೆ ನೋಡ್ಕೊತಿದಾನಾ?

ಪ್ರಶ್ನೆ: ಮೇಡಂ, ನಮ್ಮ ಅಪ್ಪಂಗೆ 74 ವರ್ಷ. ಹೋದ ವರ್ಷ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಇಲ್ಲ, ಮಾತೂ ಅಷ್ಟಕ್ಕಷ್ಟೆ. ಮೈಸೂರಲ್ಲಿ ಅಮ್ಮನ ಜೊತೆ ಇದಾರೆ, ನಾನು ಬೆಂಗಳೂರಲ್ಲಿ, ಎರಡು ವಾರಕ್ಕೊಂದ್ಸಲ ಹೋಗಿಬರ್ತೀನಿ. ಏಜೆನ್ಸಿ ಕಡೆಯಿಂದ 24 ಗಂಟೆ ಹೋಮ್ ನರ್ಸ್ ಅಂತ ಒಬ್ಬ ಹುಡುಗನ್ನ ಇಟ್ಟಿದೀವಿ, ಮೂರು ತಿಂಗಳಲ್ಲಿ ಇವನು ನಾಲ್ಕನೆಯವನು. ಅಮ್ಮನ್ನ ಕೇಳಿದ್ರೆ 'ಪಾಪ, ಒಳ್ಳೆ ಹುಡುಗ' ಅಂತಾರೆ. ಏಜೆನ್ಸಿಯವರು ದಿನಾ ವಾಟ್ಸಾಪಲ್ಲಿ ಬಿಪಿ, ಶುಗರ್ ಕಳಿಸ್ತಾರೆ. ಆದ್ರೂ ನಂಗೆ ಸಮಾಧಾನ ಇಲ್ಲ. ಸರ್ವಿಸ್ ಸರಿಯಿದ್ಯಾ ಇಲ್ವಾ ಅಂತ ನಮ್ಮಂಥೋರು ಹೇಗೆ ತಿಳ್ಕೊಳ್ಳೋದು? ಕ್ಯಾಮೆರಾ ಹಾಕಿಸ್ಲಾ?

ಉತ್ತರ: ನೋಡಮ್ಮ, ಹುಡುಗ ಒಳ್ಳೆಯವನೇ ಇರಬಹುದು, ಅಮ್ಮ ಸುಳ್ಳು ಹೇಳ್ತಿಲ್ಲ, ಆದ್ರೆ ಒಳ್ಳೆ ಹುಡುಗ ಬೇರೆ ಒಳ್ಳೆ ಆರೈಕೆ ಬೇರೆ. ನಾನು ಆಸ್ಪತ್ರೆ ಕೆಲಸ ಮುಗಿಸಿದ್ಮೇಲೆ ಇಂಥ ಪೇಷಂಟ್‌ಗಳನ್ನ ಮನೆಗೇ ಹೋಗಿ ನೋಡ್ತಾ ಬಂದೋಳು, ಹೋದ ತಕ್ಷಣ ಕೇರ್‌ಟೇಕರ್‌ನೂ ಮಾತಾಡ್ಸಲ್ಲ ಚಾರ್ಟೂ ನೋಡಲ್ಲ, ಮೊದ್ಲು ಹೊದಿಕೆ ಎತ್ತಿ ಹಿಮ್ಮಡಿ ನೋಡ್ತೀನಿ. ಆಮೇಲೆ ಮಗ್ಗುಲಿಗೆ ತಿರುಗಿಸಿ ಸೊಂಟದ ಕೆಳಗಿನ ಮೂಳೆ, ಪೃಷ್ಠ, ತೊಡೆಯ ಪಕ್ಕದ ಮೂಳೆ, ಕಿವಿ ಹಿಂದೆ. ಕೆಂಪಗೆ ಕಾಣೋ ಜಾಗಾನ ಬೆರಳಲ್ಲಿ ಒತ್ತಿ ಬಿಡಿ. ಬಿಳಚಿಕೊಂಡು ಮತ್ತೆ ಕೆಂಪಾದ್ರೆ ಪರವಾಗಿಲ್ಲ, ಒತ್ತಿದ್ರೂ ಕೆಂಪು ಹಾಗೇ ಉಳಿದ್ರೆ ಬೆಡ್‌ಸೋರ್ ಶುರುವಾಗಿದೆ ಅಂತ ಅರ್ಥ, ಅಂದ್ರೆ ಒಂದೇ ಮಗ್ಗುಲಲ್ಲಿ ಮಲಗಿ ಆಗೋ ಹುಣ್ಣು. ನಮ್ಮ ಕಡೆಯವರ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣಲ್ಲ, ಸುತ್ತಲ ಚರ್ಮಕ್ಕಿಂತ ಆ ಜಾಗ ಇನ್ನೂ ಕಪ್ಪಾಗಿದ್ಯಾ, ಮುಟ್ಟಿದ್ರೆ ಬಿಸಿ ಅಥವಾ ಗಟ್ಟಿ ಅನ್ಸುತ್ತಾ ನೋಡಿ. ಏರ್ ಬೆಡ್ ಇದೆ ಮೇಡಂ ಅಂತಾರೆ ಎಲ್ರೂ, ಏರ್ ಬೆಡ್ ಇದ್ರೂ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಲೇಬೇಕು, ಕರೆಂಟ್ ಹೋದ್ರೆ ಅದೂ ಬರೀ ಪ್ಲಾಸ್ಟಿಕ್ ಶೀಟೇ.

ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಾಕಿ ಉಜ್ತಿದಾನಾ ಅಂತಾನೂ ವಿಚಾರಿಸಿ. ನಮ್ಮ ಟ್ರೈನಿಂಗ್ ಕಾಲದಲ್ಲಿ ಸ್ಪಿರಿಟ್ ಪೌಡರ್ ಹಾಕಿ ಬೆನ್ನು ತಿಕ್ಕೋದನ್ನೇ ಕಲಿಸ್ತಿದ್ರು, ನಾನೂ ಎಷ್ಟು ಜನಕ್ಕೆ ತಿಕ್ಕಿದೀನೋ ದೇವ್ರಿಗೇ ಗೊತ್ತು. ಆ ಜಾಗಾನ ಉಜ್ಜಿದ್ರೆ ಒಳಗಿನ ಗಾಯ ಜಾಸ್ತಿ ಆಗುತ್ತೆ ಅಂತ ಈಗ ಗೊತ್ತಾಗಿದೆ, ಅದಕ್ಕೇ ನಿಲ್ಸಿದ್ದು. ಹಳಬರ ಕೈಲಿ ಕೆಲಸ ಕಲ್ತು ಬಂದ ಹುಡುಗರು ಇನ್ನೂ ಹಂಗೇ ಮಾಡ್ತಾರೆ.

ಸ್ಟ್ರೋಕ್ ಪೇಷಂಟ್ ಆದ್ರಿಂದ ಇನ್ನೆರಡು ವಿಷಯ. ಊಟದ ಹೊತ್ತಿಗೆ ಸುಮ್ನೆ ಪಕ್ಕದಲ್ಲಿ ಕೂತ್ಕೊಂಡು ನೋಡಿ. ನೆಟ್ಟಗೆ ಕೂರಿಸಿ, ಸ್ವಾಧೀನ ಇರೋ ಎಡಗಡೆಯಿಂದ, ಒಂದ್ ತುತ್ತು ನುಂಗಿದ್ಮೇಲೇ ಇನ್ನೊಂದ್ ತುತ್ತು ಕೊಡ್ಬೇಕು, ಊಟ ಆದ್ಮೇಲೆ ಅರ್ಧ ಗಂಟೆ ಮಲಗಿಸ್ಬಾರ್ದು. ಆಮೇಲೆ ಬಾಯಿ ತೆರೆಸಿ ಬಲಗೆನ್ನೆ ಒಳಗೆ ಟಾರ್ಚ್ ಹಾಕಿ, ಅನ್ನ ಅಲ್ಲೇ ಉಂಡೆ ಕಟ್ಟಿ ಕೂತಿರುತ್ತೆ ಎಷ್ಟೋ ಸಲ, ಆ ಕಡೆ ಸ್ಪರ್ಶ ಇಲ್ದೆ ಪೇಷಂಟ್‌ಗೂ ಗೊತ್ತಾಗಲ್ಲ. ಅದು ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ. ಎರಡನೇದು, ಹಾಸಿಗೆಯಿಂದ ಎಬ್ಬಿಸುವಾಗ ಕೈ ಎಲ್ಲಿ ಹಾಕ್ತಾನೆ ನೋಡಿ. ಸ್ವಾಧೀನ ಇಲ್ಲದ ಕೈ ಹಿಡ್ದು ಎಳೆದ್ರೆ, ಕಂಕುಳಿಗೆ ಕೈ ಕೊಟ್ಟು ಎತ್ತಿದ್ರೆ ಭುಜದ ಕೀಲು ಜಾರಬಹುದು, ಅದರ ನೋವು ತಿಂಗಳುಗಟ್ಲೆ. ಅಪ್ಪಂಗೆ ಮಾತು ಬೇರೆ ಬರಲ್ಲ, ನೋವಾದ್ರೆ ಯಾರಿಗೆ ಹೇಳ್ತಾರೆ, ಮುಖ ಕಿವುಚ್ತಾರಾ ಅಂತ ನೀವೇ ನೋಡ್ಬೇಕು.

ವಾಟ್ಸಾಪಲ್ಲಿ ಬರೋ ಬಿಪಿ ವಿಷಯ. ಹದಿನೈದು ದಿನದ ಬಿಪಿಯನ್ನ ಒಂದೇ ಸಾಲಲ್ಲಿಟ್ಟು ನೋಡಿ, ಎಲ್ಲಾ ದಿನಾನೂ 120/80 ಅಂತಿದ್ರೆ ಆ ಮೆಷಿನ್ ಕವರಿಂದ ಆಚೆ ಬಂದೇ ಇಲ್ಲ. ಮನುಷ್ಯನ ಬಿಪಿ ದಿನಾ ಹಂಗೆ ಒಂದೇ ನಂಬರಲ್ಲಿ ಕೂರಲ್ಲ. ಒಂದ್ಸಲ ಒಂದ್ ಮನೇಲಿ ಚಾರ್ಟ್ ಬುಕ್ ತಗೊಂಡೆ, ವಾರ ಪೂರ್ತಿ ಒಂದೇ ಪೆನ್ನು ಒಂದೇ ಓರೆ, ಜೊತೆಗೆ ನಾಳೆ ಬೆಳಗ್ಗಿನ ಶುಗರ್ ಕೂಡ ಬರೆದಿಟ್ಟಿದ್ದ. ನಗು ಬಂತು, ಬೈಯೋಕೆ ಬಾಯಿ ಬರ್ಲಿಲ್ಲ. ನಿಮ್ಗೆ ಬೇಕಾಗಿರೋದು ಬೇರೆ ಲೆಕ್ಕ: ಎಷ್ಟು ಗಂಟೆಗೆ ಯಾವ ಮಗ್ಗುಲು, ಎಷ್ಟು ಲೋಟ ನೀರು, ಮೋಷನ್ ಆಯ್ತಾ, ಡೈಪರ್ ಎಷ್ಟು. ಡೈಪರ್ ಪ್ಯಾಕೆಟ್ ತಂದ ದಿನ ಅದರ ಮೇಲೇ ತಾರೀಖು ಬರೆದಿಡಿ, ಎಷ್ಟು ದಿನಕ್ಕೆ ಖಾಲಿ ಆಯ್ತು ಅನ್ನೋದ್ರಲ್ಲೇ ದಿನಕ್ಕೆ ಎಷ್ಟು ಸಲ ಬದಲಾಯಿಸ್ದ ಅಂತ ಸಿಕ್ಬಿಡುತ್ತೆ. ಅಪ್ಪನ ವಾಚಿನ ಬೆಲ್ಟು ಸಡಿಲ ಆಗ್ತಾ ಬಂದಿದ್ರೆ ಊಟ ಮೈಗೆ ಹತ್ತಿಲ್ಲ, ಡಾಕ್ಟರ್‌ಗೆ ತಿಳಿಸಿ.

ಕ್ಯಾಮೆರಾ ಬೇಕಾದ್ರೆ ಹಾಕಿಸಿ, ಹುಡುಗಂಗೆ ಹೇಳಿಯೇ ಹಾಕಿಸಿ, ಅಪ್ಪಂಗೆ ಸ್ನಾನ ಮಾಡ್ಸೋದು ಡೈಪರ್ ಹಾಕೋದು ಕಾಣೋ ಥರ ಬೇಡ. ನನ್ನ ಕೇಳಿದ್ರೆ ಕ್ಯಾಮೆರಾಕ್ಕಿಂತ ನೀವು ಹೇಳ್ದೆ ಕೇಳ್ದೆ ಬೆಳಗ್ಗೆ ಆರೂವರೆಗೆ ಬಾಗಿಲು ತಟ್ಟೋದು ವಾಸಿ.

ಇನ್ನು ಏಜೆನ್ಸಿ. ನಮ್ಮಲ್ಲಿ ಯೂನಿಫಾರ್ಮ್ ಹಾಕಿದೋರೆಲ್ಲ ಹೋಮ್ ನರ್ಸೇ. ನರ್ಸ್ ಅಂದ್ರೆ ಎಎನ್ಎಂ (ಸಹಾಯಕ ನರ್ಸ್ ಕೋರ್ಸ್) ಎರಡು ವರ್ಷ, ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮೂರು ವರ್ಷ ಅಥವಾ ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ ಓದಿ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಇರೋರು. ನಿಮ್ಮ ಹುಡುಗ ಬಹುಶಃ ಅಟೆಂಡರ್. ಅದು ತಪ್ಪಲ್ಲ, ನಿಮ್ಮಪ್ಪಂಗೆ ಚೆನ್ನಾಗಿ ಕಲ್ತ ಅಟೆಂಡರ್ ಸಾಕು, ಆದ್ರೆ ನರ್ಸ್ ರೇಟ್ ತಗೊಂಡು ಅಟೆಂಡರ್ ಕಳಿಸಿದ್ರೆ ಅದು ಮೋಸ, ಮತ್ತೆ ಅವನ ಕೈಲಿ ಇಂಜೆಕ್ಷನ್, ಕ್ಯಾಥೆಟರ್ (ಮೂತ್ರದ ಟ್ಯೂಬ್) ಬದಲಾಯಿಸೋದು, ಮೂಗಿನ ಟ್ಯೂಬ್ ಹಾಕೋದು ಮಾಡ್ಸೋ ಹಾಗೇ ಇಲ್ಲ. ಸೂಪರ್‌ವೈಸರ್ ಯಾರು, ಅವರು ಮನೆಗೆ ಬಂದು ಪೇಷಂಟ್ ಮೈ ನೋಡ್ತಾರಾ ಇಲ್ಲಾ ಫೋನಲ್ಲೇ 'ಎಲ್ಲಾ ಓಕೆನಾ ಆಂಟಿ' ಅಂತಾರಾ, ಇದನ್ನ ಕೇಳಿ. ಪೊಲೀಸ್ ವೆರಿಫಿಕೇಷನ್ ಕಾಪಿ ಕೈಗೆ ತಗೊಳ್ಳಿ, ಇದೆ ಅನ್ನೋ ಬಾಯಿಮಾತು ಬೇಡ. ಅಡ್ವಾನ್ಸ್ ವಾಪಸ್ ಕೊಡ್ದೆ ಸತಾಯಿಸಿದ್ರೆ ಗ್ರಾಹಕರ ಹೆಲ್ಪ್‌ಲೈನ್ 1915 ಇದೆ.

ಮೂರು ತಿಂಗಳಿಗೆ ನಾಲ್ಕು ಜನ ಅಂದ್ರಲ್ಲ, ನಂಗೆ ಎಲ್ಲಕ್ಕಿಂತ ಚಿಂತೆ ಆಗಿದ್ದು ಅದೇ. ಅಪ್ಪನ ಮುಖಭಾವ ನೋಡಿ ಬಾಯಾರಿದೆಯಾ, ಒದ್ದೆ ಆಗಿದೆಯಾ ಅಂತ ತಿಳಿಯೋಕೆ ಒಬ್ಬನಿಗೆ ವಾರಗಟ್ಲೆ ಬೇಕು, ಅಷ್ಟರಲ್ಲಿ ಅವನು ಹೋಗಿರ್ತಾನೆ. ಯಾಕೆ ಹೋಗ್ತಾರೆ? 24 ಗಂಟೆ ಅಂತ ನೀವು ಬರೆದಿದೀರಿ, ಹಾಗಾದ್ರೆ ಅವನು ಮಲಗೋದು ಯಾವಾಗ? ರಾತ್ರಿ ಎರಡು ಗಂಟೆಗೊಂದ್ಸಲ ಎದ್ದು ಮಗ್ಗುಲು ಬದಲಾಯಿಸಿ ಹಗಲೂ ಅವನೇ ಎಲ್ಲಾ ಮಾಡ್ಬೇಕಂದ್ರೆ ಯಾರ ಕೈಲೂ ಆಗಲ್ಲ. ಒಂದೋ ಅವನು ಓಡಿಹೋಗ್ತಾನೆ, ಇಲ್ಲಾ ರಾತ್ರಿ ಅಪ್ಪ ಒಂದೇ ಮಗ್ಗುಲಲ್ಲಿ ಬೆಳಗಿನ ತನಕ ಬಿದ್ದಿರ್ತಾರೆ. ನೀವು ಕೊಡೋ ದುಡ್ಡಲ್ಲಿ ಅವನ ಕೈಗೆ ಎಷ್ಟು ಸೇರುತ್ತೆ ಅಂತ ಒಂದಿನ ಅವನನ್ನೇ ಮೆಲ್ಲಗೆ ಕೇಳಿ. ಹಗಲಲ್ಲಿ ನಾಲ್ಕೈದು ಗಂಟೆ ಅವನಿಗೆ ಮಲಗೋಕೆ ಬಿಟ್ಟು ಆ ಹೊತ್ತಿಗೆ ಇನ್ಯಾರಾದ್ರೂ ಇರೋ ಏರ್ಪಾಡು ಮಾಡಿ, ಇಲ್ಲಾ 12 ಗಂಟೆಯ ಎರಡು ಶಿಫ್ಟ್. ಖರ್ಚು ಹೆಚ್ಚು, ಗೊತ್ತು. ಮುಂದಿನ ಸಲ ಹುಡುಗನ್ನ ಬದಲಾಯಿಸೋ ಪ್ರಸಂಗ ಬಂದ್ರೆ ಹಳಬನೂ ಹೊಸಬನೂ ಕನಿಷ್ಠ ಅರ್ಧ ದಿನ ಒಟ್ಟಿಗೆ ಇರ್ಬೇಕು ಅಂತ ಏಜೆನ್ಸಿಗೆ ಪಟ್ಟು ಹಿಡೀರಿ.

ಪ್ರಶ್ನೆ: ನಮ್ಮ ಅತ್ತೆಗೆ ಮರೆವಿನ ಕಾಯಿಲೆ. ಹಗಲು ನೋಡ್ಕೊಳ್ಳೋಕೆ ಬರೋ ಹೆಂಗಸು ಹೊಡೀತಾಳೆ, ಒಡವೆ ಕದ್ದಳು ಅಂತಾರೆ. ಒಡವೆ ಬೀರುವಲ್ಲೇ ಇದೆ. ಹೊಡೆಯೋದನ್ನ ನಂಬ್ಲಾ?

ಉತ್ತರ: ಕದ್ದರು ಅನ್ನೋದು ಆ ಕಾಯಿಲೆಯಲ್ಲಿ ತೀರಾ ಸಾಮಾನ್ಯ. ಹಂಗಂತ ಹೊಡೆಯೋ ಮಾತನ್ನೂ ಅದರ ಜೊತೆಗೇ ತಳ್ಳಿಹಾಕ್ಬೇಡಿ. ಸ್ನಾನ ಮಾಡ್ಸುವಾಗ ನೀವೇ ನಿಂತು ತೋಳಿನ ಒಳಭಾಗ ನೋಡಿ, ಬಿದ್ದು ತಾಗಿದ್ರೆ ಮೊಣಕೈ ಮೊಣಕಾಲಲ್ಲಿ ಇರುತ್ತೆ, ಗಟ್ಟಿಯಾಗಿ ಹಿಡಿದ ಬೆರಳಿನ ಗುರುತು ತೋಳಲ್ಲಿ. ಆಕೆ ಕೋಣೆಗೆ ಬಂದಾಗ ಅತ್ತೆ ಮುದುಡಿಕೊಳ್ತಾರಾ? ದಿನವಿಡೀ ತೂಕಡಿಸ್ತಿದ್ರೆ ನಿದ್ದೆ ಮಾತ್ರೆ ಸ್ಟ್ರಿಪ್ ಎಣಿಸಿ, ಗಲಾಟೆ ಬೇಡ ಅಂತ ಒಂದು ಜಾಸ್ತಿ ಕೊಡೋದು ಹೊಡೆತಕ್ಕಿಂತ ಹೆಚ್ಚು ಮನೆಗಳಲ್ಲಿ ನಾನು ಕಂಡಿದ್ದು. ಗುರುತು ಸಿಕ್ಕಿದ್ರೆ ಫೋಟೋ ತೆಗೆದಿಟ್ಟು ಆಕೆಯನ್ನ ಅವತ್ತೇ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ, ಮುಂದೇನು ಅಂತ ಗೊತ್ತಾಗ್ದಿದ್ರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ಕರೆ ಫ್ರೀ. ಏನೂ ಸಿಗದಿದ್ರೆ ಎರಡು ವಾರ ಬಿಟ್ಟು ಇನ್ನೊಂದ್ಸಲ ನೋಡಿ, ಮಾತ್ರೆ ಡಬ್ಬ ಮಾತ್ರ ಇವತ್ತಿಂದ ನಿಮ್ಮ ಬೀರುವಲ್ಲಿರ್ಲಿ.