ಕ್ಲಿನಿಕ್‌ನ ಆನ್‌ಲೈನ್ ಬುಕ್ಕಿಂಗ್‌ಗೆ 20 ನಿಮಿಷದ ಸ್ಲಾಟ್ ಇಡಲಾ, 30 ನಿಮಿಷದ್ದಾ? ದಿನಕ್ಕೆ ಆದಷ್ಟು ಜಾಸ್ತಿ ಜನ ಹಿಡಿಸಬೇಕು

ಮೈಸೂರಿನ ಕುವೆಂಪುನಗರದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ತೆರೆಯುತ್ತಿದ್ದೀರಿ, ಸ್ಲಾಟ್ ಎಷ್ಟು ನಿಮಿಷಕ್ಕೆ ಇಡಬೇಕು ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಕ್ಲಿನಿಕ್ ಶುರು ಮಾಡಿದಾಗ ಇದೇ ಪ್ರಶ್ನೆ ಇಟ್ಟುಕೊಂಡು ಒಂದಿಡೀ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಕೊನೆಗೆ 30 ಇಟ್ಟೆ. ಅದು ತಪ್ಪಾಯ್ತು. ನೀವು 20 ಇಟ್ಟರೆ ಇನ್ನೂ ದೊಡ್ಡ ತಪ್ಪಾಗುತ್ತೆ.

30 ಹೇಗೆ ಬಂತು ಅಂದರೆ, ಮಂಡಿನೋವಿಗೆ ಬಂದವರಿಗೆ ಐಎಫ್‌ಟಿ (ನೋವಿಗೆ ಕೊಡುವ ಕರೆಂಟ್ ಚಿಕಿತ್ಸೆ) 15 ನಿಮಿಷ, ಅಲ್ಟ್ರಾಸೌಂಡ್ ಚಿಕಿತ್ಸೆ (ಸ್ಕ್ಯಾನಿಂಗ್ ಅಲ್ಲ) 5 ನಿಮಿಷ, ವ್ಯಾಯಾಮ 10 ನಿಮಿಷ. ಕೂಡಿಸಿದೆ, 30 ಆಯ್ತು. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ 8 ಜನ. ಇದರಲ್ಲಿ ಏನು ತಪ್ಪಿದೆ ಅಂತ ನನಗೆ ಆಗ ಕಾಣಲೇ ಇಲ್ಲ. ನಾನು ಮಷೀನಿನ ಹೊತ್ತು ಕೂಡಿಸಿದ್ದೆ, ಬರುವವರ ಹೊತ್ತು ಬಿಟ್ಟುಹೋಗಿತ್ತು.

ನಮ್ಮ ಕ್ಲಿನಿಕ್ ಇರೋದು ಮೊದಲ ಮಹಡಿಯಲ್ಲಿ, 16 ಮೆಟ್ಟಿಲು. ಮಂಡಿನೋವಿನವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾರೆ. ಚಪ್ಪಲಿ ಬಿಡುತ್ತಾರೆ. ಎರಡು ನಿಮಿಷ ಕೂತು ಉಸಿರು ತೆಗೆದುಕೊಳ್ಳುತ್ತಾರೆ. ಮಂಚ ಹತ್ತಬೇಕು, ಸೀರೆ ಮೇಲೆ ಮಾಡಿಕೊಳ್ಳಬೇಕು, ಮಂಡಿಗೆ ಹಾಕಿದ ಬೆಲ್ಟ್ ಬಿಚ್ಚಬೇಕು. "ಹೇಗಿದೆ ಅಜ್ಜಿ ಇವತ್ತು?" ಅಂದರೆ ರಾತ್ರಿ ಎಷ್ಟು ಹೊತ್ತಿಗೆ ನೋವು ಶುರುವಾಯ್ತು, ಯಾವ ಮಗ್ಗುಲಿಗೆ ಮಲಗಿದರೆ ಹಿತ ಆಯಿತು, ಎಲ್ಲಾ ಹೇಳುತ್ತಾರೆ. ಆ ಮಾತು ಬೇಕೇ ಬೇಕು, ಅರ್ಧ ಪರೀಕ್ಷೆ ನಡೆಯೋದೇ ಅಲ್ಲಿ. ಎಲ್ಲಾ ಮುಗಿದ ಮೇಲೆ ಜೆಲ್ ಒರೆಸಬೇಕು, ಮಂಚದ ಬಟ್ಟೆ ಬದಲಾಯಿಸಬೇಕು. ದುಡ್ಡು ಕೊಡೋದಕ್ಕೆ ಒಬ್ಬರು ಮಗನಿಗೆ ಫೋನ್ ಮಾಡಿ ಗೂಗಲ್ ಪೇ ಮಾಡಿಸುತ್ತಾರೆ, ಇನ್ನೊಬ್ಬರು ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಾರೆ. ಇದಿಷ್ಟಕ್ಕೂ ಒಬ್ಬೊಬ್ಬರಿಗೆ 8 ನಿಮಿಷ ಹಿಡಿಯುತ್ತಿತ್ತು.

8 ನಿಮಿಷ ಏನು ಮಹಾ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಎರಡನೆಯವರಿಗೆ 8 ನಿಮಿಷ ತಡ. ಮೂರನೆಯವರಿಗೆ 16. ಎಂಟನೆಯವರಿಗೆ 56. ಮೊಬೈಲಿನಲ್ಲಿ 12:30 ಅಂತ ಮೆಸೇಜ್ ಬಂದಿರುತ್ತೆ, ಮಂಚ ಸಿಗೋದು 1:26ಕ್ಕೆ. ಸಾಫ್ಟ್‌ವೇರ್‌ಗೆ ಇದು ಗೊತ್ತೇ ಆಗೋದಿಲ್ಲ. ಅದರ ಪರದೆ ಮೇಲೆ ಎಲ್ಲಾ ಹಸಿರು, ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದು ಹೋದ ಹಾಗೆ.

ಆ ಕೊನೆಯ ಸ್ಲಾಟಿನಲ್ಲಿ ಕೆರಗೋಡು ಕಡೆಯ ಒಂದು ಹಳ್ಳಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಮೊಮ್ಮಗ ಫೋನಿನಲ್ಲಿ ಬುಕ್ ಮಾಡಿ ಬಸ್ಸು ಹತ್ತಿಸುತ್ತಿದ್ದ. 10 ಸಿಟ್ಟಿಂಗ್ ಹೇಳಿದ್ದೆ. ಮೂರನೇ ದಿನ ಅವರು 12:15ಕ್ಕೇ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು, ಒಂದು ಗಂಟೆ ಮೇಲಾಯ್ತು. ಮಂಡಿ ಮಡಚಿ ಅಷ್ಟು ಹೊತ್ತು ಕೂತರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕುರ್ಚಿಯಿಂದ ಏಳೋದಕ್ಕೇ ಇಬ್ಬರು ಹಿಡಿದುಕೊಳ್ಳಬೇಕಾಯ್ತು. ಚಿಕಿತ್ಸೆ ಮುಗಿದಾಗ 2 ದಾಟಿತ್ತು. "ಬಸ್ಸು ಹೋಯ್ತು ಕಣವ್ವ, ಇನ್ನು ಸಂಜೆಗೇಯ" ಅಂದರು. ಬೈಯಲಿಲ್ಲ. ಸೆರಗಿನಿಂದ 300 ರೂಪಾಯಿ ತೆಗೆದುಕೊಟ್ಟು, ಕಂಬಿ ಹಿಡಿದು ಇಳಿದು ಹೋದರು. ಆಮೇಲೆ ಬರಲೇ ಇಲ್ಲ. ಮಂಡಿ ಸ್ವಲ್ಪ ಸಡಿಲ ಆಗೋದಕ್ಕೆ ಆಗ ತಾನೇ ಶುರುವಾಗಿತ್ತು. ನನಗೆ 7 ಸಿಟ್ಟಿಂಗಿನ ದುಡ್ಡು ಹೋಯ್ತು, ಅದು ಹೋಗಲಿ ಬಿಡಿ. ಅವರ ಮಂಡಿ ಅಲ್ಲಿಗೇ ನಿಂತಿತಲ್ಲ, ಅದು ನನಗೆ ಇವತ್ತಿಗೂ ನೋವಿನ ಮಾತು.

ಅದಕ್ಕೇ ಹೇಳ್ತೀನಿ, ಜಾಸ್ತಿ ಜನ ಹಿಡಿಸೋದು ಹೇಗೆ ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ. ನಮ್ಮ ಕೆಲಸದಲ್ಲಿ ಒಬ್ಬರು ಹತ್ತು ಸಲ ಬರಬೇಕು. ಕಾದು ಬೇಸತ್ತು ಮೂರಕ್ಕೇ ನಿಲ್ಲಿಸಿದರೆ ನೀವು ದಿನಕ್ಕೆ 8 ಜನ ನೋಡಿದರೂ ಒಂದೇ, 12 ನೋಡಿದರೂ ಒಂದೇ.

ಸಾಫ್ಟ್‌ವೇರ್ ತೆಗೆಯೋದಕ್ಕೆ ಮೊದಲು ಒಂದು ನೋಟ್ ಪುಸ್ತಕ ತಗೊಳ್ಳಿ. ಎರಡು ವಾರ, ಬಾಗಿಲಿಗೆ ಬಂದ ಹೊತ್ತು ಮತ್ತು ದುಡ್ಡು ಕೊಟ್ಟು ಹೊರಟ ಹೊತ್ತು, ಎರಡೇ ಕಾಲಂ. ನಾನು ಇದನ್ನು ಅಜ್ಜಿ ಬರೋದು ಬಿಟ್ಟ ಮೇಲೆ ಮಾಡಿದೆ. ಮೊದಲ ಸಲ ಬರುವವರಿಗೆ ಹತ್ತಿರ ಹತ್ತಿರ 60 ನಿಮಿಷ, ಮತ್ತೆ ಬರುವವರಿಗೆ 38 ಬಂತು. ಇವೆರಡನ್ನೂ ಒಂದೇ ಸ್ಲಾಟಿಗೆ ತುರುಕಬೇಡಿ. ಎರಡು ಬೇರೆ ಬೇರೆ ಸರ್ವಿಸ್ ಮಾಡಿ.

ಇನ್ನು ಸೆಟ್ಟಿಂಗ್. ಮತ್ತೆ ಬರುವವರಿಗೆ ಡ್ಯೂರೇಷನ್ 30, ಅದರ ನಂತರ ಬಫರ್, ಅಂದರೆ ಬಿಡುವಿನ ಹೊತ್ತು, 10 ಇಡಿ. ಬಫರ್ ಬುಕ್ ಮಾಡುವವರಿಗೆ ಕಾಣೋದಿಲ್ಲ, ನಿಮ್ಮ ಕ್ಯಾಲೆಂಡರ್‌ನಲ್ಲಿ ಮಾತ್ರ ಜಾಗ ಹಿಡಿಯುತ್ತೆ. ಇಲ್ಲಿ ಎಡವೋ ಜಾಗ ಒಂದಿದೆ, ನೋಡಿಕೊಳ್ಳಿ. ಸ್ಲಾಟ್ ಎಷ್ಟು ಹೊತ್ತು ನಡೆಯುತ್ತೆ ಅನ್ನೋದು ಬೇರೆ, ಎಷ್ಟು ನಿಮಿಷಕ್ಕೊಮ್ಮೆ ಶುರುವಾಗುತ್ತೆ ಅನ್ನೋದು ಬೇರೆ. ಎರಡನೆಯದಕ್ಕೆ ಇಂಟರ್ವಲ್ ಅಂತಲೋ ಇನ್‌ಕ್ರಿಮೆಂಟ್ ಅಂತಲೋ ಹೆಸರಿರುತ್ತೆ. ಅದನ್ನು 30ಕ್ಕೇ ಬಿಟ್ಟರೆ 9:00ಕ್ಕೆ ಬುಕ್ ಆದವರು 9:40ರ ತನಕ ಜಾಗ ಹಿಡಿದಿರುತ್ತಾರೆ, 9:30 ಮುಚ್ಚಿಹೋಗುತ್ತೆ, ಮುಂದಿನದು 10:00ಕ್ಕೇ ತೋರಿಸುತ್ತೆ. ಸುಮ್ನೆ 20 ನಿಮಿಷ ಹಾಳು. ಇಂಟರ್ವಲ್ಲನ್ನೂ 40 ಮಾಡಿ. 15 ಇಟ್ಟರೆ ಜನಕ್ಕೆ ಆಯ್ಕೆ ಜಾಸ್ತಿ ಸಿಗುತ್ತೆ ಅಂತ ಹೇಳುವವರಿದ್ದಾರೆ, ಕೇಳಬೇಡಿ. ಯಾರೋ 9:15ಕ್ಕೆ ಬುಕ್ ಮಾಡುತ್ತಾರೆ, ಅದಕ್ಕೆ ಮೊದಲಿನ 15 ನಿಮಿಷ ಯಾರಿಗೂ ಬರೋದಿಲ್ಲ.

ಹೀಗೆ ಮಾಡಿದರೆ 9:00, 9:40, 10:20, 11:00, 11:40, 12:20. ಒಟ್ಟು ಆರು. ನಾನು 11:00ನ್ನು ಆನ್‌ಲೈನಿಗೆ ಬಿಡೋದೇ ಇಲ್ಲ. ಸ್ಮಾರ್ಟ್‌ಫೋನ್ ಇಲ್ಲದೆ ನೇರವಾಗಿ ಬರುವವರಿಗೆ ಅದು, ಯಾರೂ ಬರದಿದ್ದರೆ ತಡವಾಗಿದ್ದು ಅಲ್ಲಿ ಸರಿಹೋಗುತ್ತೆ.

ಎರಡು ಮಂಚ ಇದೆ ಅಂತ ಒಂದು ಸ್ಲಾಟಿಗೆ ಇಬ್ಬರನ್ನು ಬಿಡಬೇಡಿ. ಮಂಚ ಎಷ್ಟಿದ್ದರೇನು, ವ್ಯಾಯಾಮ ಮಾಡಿಸುವ ಕೈ ನಿಮ್ಮದು ಎರಡೇ.

ಟೈಮ್ ಝೋನ್ ಭಾರತದ್ದಕ್ಕೆ ಲಾಕ್ ಮಾಡಿ. ಮೈಸೂರಿನಲ್ಲಿ ನಿಮಗೆ ಇದು ನನಗಿಂತ ಜಾಸ್ತಿ ಬೇಕಾಗುತ್ತೆ, ಅಲ್ಲಿ ಅಪ್ಪ ಅಮ್ಮನಿಗೆ ಬುಕ್ ಮಾಡುವ ಮಕ್ಕಳು ಎಷ್ಟೋ ಜನ ಅಮೆರಿಕದಲ್ಲಿರುತ್ತಾರೆ. ನಮ್ಮ ಮಂಗಳವಾರ ಬೆಳಿಗ್ಗೆ 9 ಗಂಟೆ ಅಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೋಮವಾರ ರಾತ್ರಿ 8:30. ನಮ್ಮಲ್ಲಿ ಒಬ್ಬ ಮಗ ತನ್ನ ಫೋನಿನಲ್ಲಿ ಸೋಮವಾರ ಅಂತ ಕಂಡಿದ್ದನ್ನೇ ಅಮ್ಮನಿಗೆ ಹೇಳಿದ, ಅವರು ಒಂದು ದಿನ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು.

ಮೊದಲ ಭೇಟಿಯ ಸ್ಲಾಟನ್ನು ಶುಕ್ರವಾರ 10:30ರಿಂದ 12ರವರೆಗೆ ಇಡಬೇಡಿ, ರಾಹುಕಾಲ. ನೀವು ನಂಬುತ್ತೀರೋ ಇಲ್ಲವೋ, ಬರುವವರು ನಂಬುತ್ತಾರೆ. ಬುಕ್ ಮಾಡಿ ಆಮೇಲೆ ಫೋನ್ ಮಾಡಿ ಬದಲಾಯಿಸುತ್ತಾರೆ. ಆ ಹೊತ್ತು ಹಳಬರಿಗೆ ಇರಲಿ, ನಡುವಿನ ಸಿಟ್ಟಿಂಗಿಗೆ ಯಾರೂ ರಾಹುಕಾಲ ನೋಡೋದಿಲ್ಲ. ಆಯುಧಪೂಜೆ, ಯುಗಾದಿ, ಅದರ ಮಾರನೇ ದಿನದ ಹೊಸತೊಡಕು, ಇವನ್ನು ಈಗಲೇ ಬ್ಲಾಕ್ ಮಾಡಿ. ಸಾಫ್ಟ್‌ವೇರ್‌ನ ರಜಾಪಟ್ಟಿಯಲ್ಲಿ ಹೊಸತೊಡಕು ಇರೋದಿಲ್ಲ. ನಮ್ಮ ಕಡೆ ಅವತ್ತು ಬಾಡೂಟ ಬಿಟ್ಟು ಮಂಡಿ ತೋರಿಸೋದಕ್ಕೆ ಯಾರೂ ಬರೋದಿಲ್ಲ.

ಯಾವ ಆ್ಯಪ್ ಅಂತಲೂ ಕೇಳಿದ್ದಿರಿ. ಗೂಗಲ್ ಕ್ಯಾಲೆಂಡರ್ ಆಗಲಿ ಕ್ಯಾಲೆಂಡ್ಲಿ ಆಗಲಿ, ಬಫರ್ ಇಡೋದಕ್ಕೆ ಎರಡರಲ್ಲೂ ಆಗುತ್ತೆ. ಯಾವುದನ್ನು ತಗೊಂಡರೂ ಲಿಂಕ್ ಊರಿಗೆಲ್ಲಾ ಕಳಿಸೋ ಮೊದಲು ನಿಮ್ಮ ಅಮ್ಮನ ಕೈಗೆ ಫೋನ್ ಕೊಟ್ಟು ಒಂದು ಬುಕ್ಕಿಂಗ್ ಮಾಡಿಸಿ ನೋಡಿ. ನೋಟ್ ಪುಸ್ತಕದ ಎರಡು ವಾರದ ಲೆಕ್ಕ ಬಂದ ಮೇಲೆ ಇಲ್ಲೇ ಹಾಕಿ, ಸ್ಲಾಟ್ ಎಷ್ಟಕ್ಕೆ ಇಡೋದು ಅಂತ ನೋಡೋಣ.