ಮನಸ್ಸು ಬರುವ ತನಕ ಕಾಯಬೇಕೇ?

ರಾತ್ರಿ ಓದಬೇಕು, ಬೆಳಿಗ್ಗೆ ವ್ಯಾಯಾಮ ಮಾಡಬೇಕು ಅಂತ ಹುರುಪಿನಿಂದ ಶುರು ಮಾಡುತ್ತೀರಿ. ಒಂದು ದಿನ ತಪ್ಪಿತೋ, ಅಲ್ಲಿಗೆ ಎಲ್ಲ ನಿಂತುಹೋಗುತ್ತದೆ. ‘21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅಂತಾರೆ, ನನಗೆ ಅದೂ ಆಗಲಿಲ್ಲ. ನಾನು ಸೋಮಾರಿಯೇ?’ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ಸೋಮಾರಿಗಳು ಇಷ್ಟು ಸಂಕಟಪಟ್ಟು ಪತ್ರ ಬರೆಯುವುದಿಲ್ಲ. ಮೊದಲು ಆ 21 ದಿನದ ಲೆಕ್ಕವನ್ನು ಬಿಟ್ಟುಬಿಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲಾಲಿ ಮತ್ತು ಅವರ ಜೊತೆಗಾರರು 96 ಜನರನ್ನು 12 ವಾರ ಗಮನಿಸಿದ್ದರು. ಅವರ ಅಧ್ಯಯನ 2010ರಲ್ಲಿ ಅಚ್ಚಾಯಿತು. ಒಂದು ಸಣ್ಣ ಕೆಲಸ ತಾನಾಗಿ ನಡೆಯುವಷ್ಟು ರೂಢಿಯಾಗಲು ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಎಂದು ಅವರು ಅಂದಾಜು ಮಾಡಿದರು. ಕಡಿಮೆ ದಿನ ಬೇಕಾದವರಿಂದ ಹೆಚ್ಚು ದಿನ ಬೇಕಾದವರವರೆಗೆ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ಇರುವವರಿಗೆ 66 ದಿನ. ನಿಮಗೆ ಮುಖ್ಯವಾದ ಮಾತು ಮುಂದಿದೆ: ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ. ‘ಇನ್ನೇನು, ಕೆಟ್ಟುಹೋಯ್ತು’ ಅಂತ ಮಾರನೇ ದಿನವೂ ಬಿಟ್ಟಿರಲ್ಲ, ಪೆಟ್ಟು ಕೊಟ್ಟಿದ್ದು ಅದು.

ಮನಸ್ಸಿಲ್ಲದ ದಿನ ಓದುವುದಕ್ಕಿಂತ ‘ಓದಲೋ ಬೇಡವೋ’ ಎಂಬ ಜಗ್ಗಾಟವೇ ಜಾಸ್ತಿ ಸುಸ್ತು ಮಾಡುತ್ತದೆ, ಅಲ್ವಾ? ಅದನ್ನು ಮೊದಲೇ ತೀರ್ಮಾನಿಸಿಬಿಡಿ. ಯಾವಾಗ, ಎಲ್ಲಿ, ಏನು ಎಂದು ಮುಂಚೆಯೇ ಗೊತ್ತುಮಾಡಿಕೊಂಡವರು ಅಂದುಕೊಂಡದ್ದನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ‘ರಾತ್ರಿ ಹಲ್ಲುಜ್ಜಿ ಬಂದ ಮೇಲೆ, ದಿಂಬಿನ ಪಕ್ಕದ ಪುಸ್ತಕದಲ್ಲಿ ಒಂದು ಪುಟ ಓದುತ್ತೇನೆ.’ ಇಷ್ಟು ಸಾಕು. ಒಂದೇ ಪುಟ ಯಾಕೆ ಅಂದರೆ, ತೀರಾ ಬೇಸರದ ದಿನವೂ ಅದು ಆಗುತ್ತದೆ.

ಇಲ್ಲಿ ತುಂಬ ಜನ ಎಡವುತ್ತಾರೆ. ಹುಮ್ಮಸ್ಸು ಬಂದ ದಿನ ಹತ್ತು ಪುಟ ಓದಿ, ನಾಳೆಯಿಂದ ದಿನವೂ ಹತ್ತು ಎಂದು ನಿಯಮ ಮಾಡಿಕೊಳ್ಳುತ್ತಾರೆ. ಸುಸ್ತಾದ ದಿನ ಆ ಹತ್ತು ಬೆಟ್ಟದಷ್ಟು ಕಾಣುತ್ತದೆ. ಇಷ್ಟ ಬಂದಷ್ಟು ಓದಿ, ಆದರೆ ನಿಯಮ ಒಂದೇ ಪುಟ ಇರಲಿ. ವ್ಯಾಯಾಮ ಸದ್ಯಕ್ಕೆ ಬೇಡ. ಎರಡನ್ನೂ ಒಟ್ಟಿಗೆ ಹೊರಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

‘ಈಚೆಗೆ ಯಾವುದರಲ್ಲೂ ಆಸಕ್ತಿ ಇಲ್ಲ’ ಎಂದು ಕೊನೆಯಲ್ಲಿ ಬರೆದಿದ್ದೀರಿ. ಆ ಸಾಲು ನನ್ನನ್ನು ಕಾಡುತ್ತಿದೆ. ಮೊದಲು ಇಷ್ಟವಾಗುತ್ತಿದ್ದವೂ ಬೇಡವಾಗಿ, ನಿದ್ದೆ, ಹಸಿವು ಕೆಟ್ಟು, ಹೆಚ್ಚುಕಡಿಮೆ ದಿನವೂ ಹೀಗೇ ಆಗಿ ಎರಡು ವಾರ ಕಳೆದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ತಡಮಾಡದೆ ವೈದ್ಯರನ್ನು ಕಾಣಿ. ಓದು ಆಮೇಲೆ ನೋಡಿಕೊಳ್ಳೋಣ.

– ಸಂಪಾದಕ